ಅತ್ತೆಯ ಕಣ್ಣಿನ ಪಟ್ಟಿ ಮತ್ತು ನನ್ನ ಧಾರಾವಾಹಿ

ಸಾಹಿತ್ಯ ರಚನೆಗೆ ಮನೆಯಲ್ಲಿ ನೆಮ್ಮದಿ ಬೇಕು ಎನ್ನುವವರನ್ನು ಒಂದು ವಾರ ನಮ್ಮ ಬ್ರಹ್ಮಪುರದ ಮನೆಗೆ ಕಳಿಸಿಕೊಡಿ. ನೆಮ್ಮದಿ ಸಿಕ್ಕ ದಿನ ನನಗೆ ಒಂದು ಸಾಲೂ ಹುಟ್ಟುವುದಿಲ್ಲ. ನಮ್ಮತ್ತೆ ಇಂದೂಬಾಯಿಯವರು ಸಾರಿಗೆ ಹುಳಿ ಹೆಚ್ಚಾಯಿತೆಂದರೆ ಅರ್ಧ ಪುಟ, ನನ್ನ ತವರಿನ ಮಾತೆತ್ತಿದರೆ ಎರಡು ಪುಟ. ಮಡಿಯಲ್ಲಿದ್ದವರನ್ನು ನಾನು ಮುಟ್ಟಿಬಿಟ್ಟೆನೆಂದು ಮತ್ತೆ ತಣ್ಣೀರು ಸುರಿದುಕೊಂಡರೆ (ಚಳಿಗಾಲವಾದರೆ ಇನ್ನೂ ಉತ್ತಮ) ಇಡೀ ಒಂದು ಅಧ್ಯಾಯ!

ಹೀಗೆ ಹುಟ್ಟಿದ್ದು ೧೯೮೮ರಲ್ಲಿ ವಾರಪತ್ರಿಕೆಯೊಂದರಲ್ಲಿ ಬಂದ ನನ್ನ ಧಾರಾವಾಹಿ. ಅದರಲ್ಲಿ ಅತ್ತೆ ಗಂಗಾಬಾಯಿ ಬಾಯಿ ತೆರೆದರೆ ಬೆಂಕಿ. ಸೊಸೆ ಸುಶೀಲೆ ಬಾಯಿಯನ್ನೇ ತೆರೆಯುವುದಿಲ್ಲ, ಬರೀ ಕಣ್ಣೀರು. ಈ ಸುಶೀಲೆ ಯಾರೆಂದು ನಾನು ಬಿಡಿಸಿ ಹೇಳಬೇಕೆ?

ಸಿಕ್ಕಿಬೀಳುವ ಭಯ ನನಗಿರಲಿಲ್ಲ. ನಮ್ಮಲ್ಲಿ ಮದುವೆಯ ದಿನ ಸೊಸೆಯ ಹೆಸರು ಬದಲಿಸುತ್ತಾರೆ. ತಾಟಿನಲ್ಲಿ ಅಕ್ಕಿ ಹರಡಿ ಹೊಸ ಹೆಸರು ಬರೆದಂದಿನಿಂದ ನಾನು ರಮಾ. ಕಮಲಾಪುರದ ತವರಿನಲ್ಲಿ ನಾನು ನಳಿನಿಯಾಗಿದ್ದೆ ಎಂಬುದನ್ನು ಹದಿನಾರು ವರ್ಷಗಳಲ್ಲಿ ಈ ಮನೆಯ ಯಾವ ನಾಲಿಗೆಯೂ ನೆನಪಿಸಿಕೊಂಡಿಲ್ಲ. ಹಾಗಾಗಿ ಧೈರ್ಯವಾಗಿ ಲೇಖಕಿಯ ಹೆಸರು 'ನಳಿನಿ' ಎಂದೇ ಅಚ್ಚು ಹಾಕಿಸಿದೆ. ನಮ್ಮ ಯಜಮಾನರು ಜಯತೀರ್ಥರಾಯರು ಆ ಪತ್ರಿಕೆ ತರಿಸುತ್ತಿದ್ದುದು ಪದಬಂಧಕ್ಕಾಗಿ ಮಾತ್ರ. ಅದರೊಳಗೆ ಹೆಂಡತಿಯೂ ಇದ್ದಾಳೆಂದು ಅವರಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಅತ್ತೆಗೆ ಕಣ್ಣಿನ ಆಪರೇಷನ್ ಆಯಿತು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲೇ ಮಂಜು.

"ರಮಾ, ಹೊತ್ತs ಹೋಗವಲ್ದು. ಆ ವಾರಪತ್ರಿಕಿಯೊಳಗ ಅತ್ತಿ-ಸೊಸಿ ಕಥಿ ಬರ್ತದಂತಲ್ಲ, ಓದಿ ಹೇಳು."

"ಅದೇನ್ ಛಲೋ ಇಲ್ಲ ಬಿಡ್ರಿ ಅತ್ಯಾ. ದೇವರನಾಮ ಹೇಳ್ಲೇನು?"

"ದೇವ್ರು ಎಲ್ಲಿ ಓಡಿ ಹೋಗ್ತಾನ? ಓದು."

ಓದಿದೆ. ಅಂದರೆ, ತಿದ್ದುತ್ತ ಓದಿದೆ. ಅಚ್ಚಿನಲ್ಲಿ ಗಂಗಾಬಾಯಿ ಉಪ್ಪಿಲ್ಲವೆಂದು ತಾಟು ದೂಡಿದರೆ, ನನ್ನ ಬಾಯಲ್ಲಿ 'ಅಮೃತ' ಎಂದು ಬೆರಳು ನೆಕ್ಕಿದಳು. ಅಚ್ಚಿನಲ್ಲಿ ಪಂಚಮಿಗೆ ಸೊಸೆಯನ್ನು ತವರಿಗೆ ಕಳಿಸದವಳು, ನನ್ನ ಬಾಯಲ್ಲಿ ತಾನೇ ಬುತ್ತಿ ಕಟ್ಟಿ ಬಸ್ಸು ಹತ್ತಿಸಿದಳು.

"ಅಯ್ಯ, ಈ ಗಂಗಾಬಾಯಿ ಒಂದು ಮಾತೂ ಅನ್ನೂದಿಲ್ಲಲ್ಲ!" ಎಂದರು ಅತ್ತೆ. "ಆಕಿಗೆ ಮೈಯಾಗ ಆರಾಮ ಅದನೋ ಇಲ್ಲೋ?"

ಹೀಗೆ ಎಂಟು ವಾರ ಬೆವರು ಸುರಿಸಿ ದಾಟಿಸಿದೆ. ಧಾರಾವಾಹಿ ಮುಗಿಯಿತು, ಪಟ್ಟಿ ಬಿಚ್ಚಿದ ಮೇಲೂ ಅಕ್ಷರ ಹತ್ತದಿದ್ದ ಕಣ್ಣಿಗೆ ದಪ್ಪ ಚಾಳೀಸು ಬಂತು. ಗೆದ್ದೆ ಎಂದುಕೊಂಡೆ.

ಆ ತಿಂಗಳೇ ನನ್ನ ಅಣ್ಣನ ಮಗನ ಮುಂಜಿವೆಗೆಂದು ಎಲ್ಲರೂ ಕಮಲಾಪುರಕ್ಕೆ ಹೋದೆವು. ನನ್ನ ತಾಯಿ ಪಾರ್ವತೀಬಾಯಿ ಪತ್ರಿಕೆಗಳ ಕಟ್ಟನ್ನೇ ತಂದು ಅತ್ತೆಯ ತೊಡೆಯ ಮೇಲಿಟ್ಟರು. "ನೋಡ್ರಿ ಬೀಗತಿಯವರ, ನಮ್ಮ ನಳಿನಿ ಬರದಾಳ!"

ನಾನು ಕಣ್ಸನ್ನೆ ಮಾಡಿದೆ. "ಯಾಕ, ಕಣ್ಣಾಗ ಏನ್ ಬಿತ್ತವ್ವಾ?" ಎಂದರು ಹೆತ್ತ ತಾಯಿ.

ಅತ್ತೆ ಪಡಸಾಲೆಯಲ್ಲಿ ಕೂತು ಮಧ್ಯಾಹ್ನವೆಲ್ಲ ಓದಿದರು. ನಾನು ಅಡುಗೆಮನೆಯಲ್ಲಿ ಒಂದೇ ಪಾತ್ರೆಯನ್ನು ಮೂರು ಸಲ ತೊಳೆದೆ. ನನ್ನನ್ನು ಮನೆಯಿಂದ ಹೊರಗೆ ಹಾಕುವುದು ಅವರಿಗೆ ಎಷ್ಟು ಸುಲಭ! ತವರಿಗೆ ಕಳಿಸುವ ತ್ರಾಸವೂ ಇಲ್ಲ, ಇಲ್ಲೇ ಬಿಟ್ಟು ಹೋದರೆ ಆಯಿತು.

"ನಳಿನೀ, ಇಲ್ಲಿ ಬಾ."

ಅತ್ತೆಯ ಬಾಯಲ್ಲಿ ಆ ಹೆಸರು! ತೊಳೆಯುತ್ತಿದ್ದ ಪಾತ್ರೆಯನ್ನು ಹಿಡಿದುಕೊಂಡೇ ಹೋದೆ. "ತಪ್ಪಾತ್ರಿ ಅತ್ಯಾ," ಎಂದು ಎದುರು ನಿಂತೆ.

"ಮೊದ್ಲ ವಾರನ ನನಗ ಗೊತ್ತಿತ್ತು. ನಿನ್ನ ಹೆಸರು ತಗದು ಬ್ಯಾರೆ ಹೆಸರಿಟ್ಟಾಕಿ ನಾನ, ನನಗ ಮರೀತದೇನು? ನೀ ಕಾಯಿಪಲ್ಯ ತರ್ಲಿಕ್ಕೆ ಮಾರ್ಕೆಟ್‌ಗೆ ಹೋದ ಕೂಡ್ಲೆ ಮಗ್ಗಲ ಮನಿ ನೂರಜಹಾನ್ ಟೀಚರ್ ಬಂದು ಇದ್ದದ್ದು ಇದ್ದಂಗ ಓದ್ತಿದ್ದಳು. ಸಂಜಿಗೆ ನೀ ಇಲ್ಲದ್ದು ಓದ್ತಿದ್ದಿ. ನಗು ತಡೀಲಿಕ್ಕಾಗದ ಬಾಯಾಗ ಸೆರಗು ತುರುಕ್ಕೋತಿದ್ದೆ."

"ಸಿಟ್ಟಿಲ್ಲೇನ್ರಿ?"

"ಯಾಕ ಸಿಟ್ಟು? ಗಂಗಾಬಾಯಿ ಅಂದ್ರ ನಾನ. ನಾ ಆಡಿದ್ದು ಒಂದು ಮಾತೂ ಬಿಟ್ಟಿಲ್ಲ ನೋಡು. ನನ್ನ ಮಾತು ಅಚ್ಚಿನ್ಯಾಗ ಇಷ್ಟು ಛಲೋ ಕಾಣ್ತಾವಂತ ನನಗs ಗೊತ್ತಿರಲಿಲ್ಲ."

ಅಬ್ಬಾ! ಹೋದ ಜೀವ ಬಂದಂತಾಯಿತು. ಎಂಟು ವಾರಗಳ ಉಸಿರನ್ನು ಒಂದೇ ಸಲ ಬಿಟ್ಟೆ. ಇಂಥ ಅತ್ತೆಯ ಮೇಲೆ ಕಥೆ ಬರೆದೆನಲ್ಲಾ ಎಂದು ಕಣ್ಣಲ್ಲಿ ನೀರೂ ಬಂತು, ಸುಳ್ಳಲ್ಲ.

"ಆದ್ರ ಒಂದು ತಿಳೀಲಿಲ್ಲ," ಎಂದು ಅತ್ತೆ ಚಾಳೀಸು ಏರಿಸಿಕೊಂಡರು. "ಈ ಸುಶೀಲಾ ಯಾರು? ನಾ ಒಂದು ಅಂದ್ರ ನೀ ನಾಕು ಅಂತಿ, ಅವು ಒಂದೂ ಇದರಾಗ ಕಾಣವಲ್ವು. ಇಂಥಾ ಬಾಯಿಲ್ಲದಾಕಿನ್ನ ನಮ್ಮ ಮನ್ಯಾಗ ನಾ ನೋಡೇ ಇಲ್ಲ."

ಹೆತ್ತ ಕರುಳಾದರೂ ನನ್ನ ಪರ ನಿಂತೀತೆಂದು ತಾಯಿಯ ಕಡೆ ತಿರುಗಿದೆ.

"ಖರೇ ಅದರೀ," ಎಂದರು ನನ್ನ ತಾಯಿ. "ಈಕಿನ್ನ ಹಡದಾಕಿ ನಾನು, ನನಗೂ ಗುರ್ತು ಹತ್ತಲಿಲ್ಲ. ನಿಮ್ಮ ಮನ್ಯಾಗ ಇನ್ನೊಬ್ಬಾಕಿ ಸೊಸಿ ಇರಬೇಕು ಅಂತ ತಿಳ್ಕೊಂಡಿದ್ದೆ!"