ಹೆಣಕ್ಕೊಂದು ಕೌದಿ

ನಮ್ಮ ದೊಡ್ಡವ್ವನ ಪ್ರಕಾರ ಸತ್ತವರಿಗೆ ಹಸಿವಾಗುವುದಿಲ್ಲ, ನೋವಾಗುವುದಿಲ್ಲ, ಸಿಟ್ಟೂ ಬರುವುದಿಲ್ಲ. ಆದರೆ ಥಂಡಿ ಮಾತ್ರ ಆಗುತ್ತದೆ! ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಎಲ್ಲಿಯೂ ಹೀಗೆ ಬರೆದಿಲ್ಲ ಎಂದು ನಮ್ಮ ಸಭೆಯ ಹಿರಿಯರು ಪುಟ ತಿರುವಿ ತಿರುವಿ ತೋರಿಸಿದರು. ದೊಡ್ಡವ್ವ ಗಮನವಿಟ್ಟು ಕೇಳಿಸಿಕೊಂಡಳು. ಕೊನೆಗೆ, "ಅದನ್ನ ಬರೆದವ್ರು ಯಾರೂ ಶವಾಗಾರದ ಫ್ರಿಜ್ ನೋಡಿದ್ದಿಲ್ಲ ಬಿಡ್ರಿ" ಎಂದು ಸೂಜಿಗೆ ದಾರ ಪೋಣಿಸಿದಳು.

ಇಂಥವಳ ಜೊತೆ ನಾನು ದುಬೈನ ಕರಾಮದಲ್ಲಿ ಒಂದೇ ಮನೆಯಲ್ಲಿದ್ದೆ. ಎಂ.ಎ. ಓದಿ ಜುಮೇರಾ ಲೇಕ್ ಟವರ್ಸ್‌ನ ಒಂದು ಆಫೀಸಿನಲ್ಲಿ ಕೂರುವವಳು ನಾನು. ದೊಡ್ಡಪ್ಪ ಯೂನಿಫಾರ್ಮ್ ಹೊಲಿಯುವ ವರ್ಕ್‌ಶಾಪಿನಲ್ಲಿ ಕಟಿಂಗ್ ಮಾಸ್ಟರು. ದಿನಾ ಸಂಜೆ ಅವರ ಕೈಯಲ್ಲಿ ಒಂದು ಚೀಲ ಚಿಂದಿ: ನರ್ಸಮ್ಮಂದಿರ ತಿಳಿಹಸಿರು, ಶಾಲೆ ಮಕ್ಕಳ ಚೌಕುಳಿ, ಕಟ್ಟಡ ಕಟ್ಟುವವರ ಕಡುನೀಲಿ. ಬೇರೆ ಹೆಂಗಸರ ಗಂಡಂದಿರು ಬಂಗಾರ ತರುವ ಊರಿದು! ನಮ್ಮ ದೊಡ್ಡವ್ವನ ಮುಖ ಅರಳುತ್ತಿದ್ದದ್ದು ಚಿಂದಿಗೆ.

ನಮ್ಮದು ರಾಯಚೂರಿನಾಚೆ ಗಡಿಯ ಹಳ್ಳಿಯೊಂದರ ಮೆನೊನೈಟ್ ಸಭೆ. ಹಾಗೆಂದರೇನು ಎಂದು ಆಫೀಸಿನಲ್ಲಿ ಕೇಳಿದವರಿಗೆಲ್ಲ ನಾನು ಹೇಳುತ್ತಿದ್ದೆ: ನಾವು ಯುದ್ಧಕ್ಕೆ ಹೋಗುವುದಿಲ್ಲ, ಆಣೆ ಇಡುವುದಿಲ್ಲ, ವಾದ್ಯ ಬಾರಿಸುವುದಿಲ್ಲ, ಒಬ್ಬರ ಕಾಲನ್ನು ಒಬ್ಬರು ತೊಳೆಯುತ್ತೇವೆ. ಪಕ್ಕದ ಕುರ್ಚಿಯ ಲೆಬನಾನಿನವನು ಪೂರ್ತಿ ಕೇಳಿ, "ಪಾಪ" ಎಂದಿದ್ದ.

ಊರಿನ ಸಭೆಯ ಅರ್ಧ ಜನ ಒಬ್ಬರ ಬೆನ್ನಿಗೊಬ್ಬರು ವೀಸಾ ಹಿಡಿದು ಇಲ್ಲಿಗೆ ಬಂದದ್ದರಿಂದ ಇಲ್ಲೂ ಒಂದು ಪುಟ್ಟ ಸಭೆಯಾಯಿತು. ಚರ್ಚ್ ಕಾಂಪೌಂಡಿನಲ್ಲಿ ಭಾನುವಾರ ಸಂಜೆಗೊಂದು ಬಾಡಿಗೆ ಕೋಣೆ. ನಮಗಿಂತ ಮೊದಲು ಸೇರುವವರದು ಡ್ರಮ್ಸ್, ನಮ್ಮ ನಂತರದವರದು ಗಿಟಾರ್. ನಡುವೆ ನಾವು, ಬರಿಗಂಟಲಿನವರು. ದೊಡ್ಡವ್ವ ಹಾಡುತ್ತಿದ್ದದ್ದು ಗಂಡಸರ ಪಾಲಿನ ಕೆಳಸ್ವರ! ಅವಳು ಹುಡುಗಿಯಾಗಿದ್ದಾಗ ಊರ ಗಂಡಸರೆಲ್ಲ ಕೂಲಿಗೆ ದೇಶಾಂತರ ಹೋಗಿ ಹಾಡಿನ ಆ ಸಾಲು ಖಾಲಿ ಬಿದ್ದಿತ್ತಂತೆ. "ಸಾಲು ಖಾಲಿ ಬಿಡಬಾರ್ದು ಅಂತ ನಾ ನಿಂತೆ. ನಿಂತವಳು ಅಲ್ಲೇ ಉಳದೆ" ಎನ್ನುತ್ತಿದ್ದಳು. ಹೊಸಬರು ಯಾರಾದರೂ ಆರಾಧನೆಗೆ ಬಂದರೆ ಆ ಸ್ವರ ಯಾರದೆಂದು ಗಂಡಸರ ಕಡೆ ಹುಡುಕುತ್ತಿದ್ದರು.

ಆಣೆಯ ವಿಷಯದಲ್ಲಂತೂ ಕೇಳಲೇಬೇಡಿ. ಕರಾಮದ ಅಂಗಡಿಯೊಂದರಲ್ಲಿ ಮಂಗಳೂರು ಕಡೆಯ ಬ್ಯಾರಿ ಸಾಹುಕಾರರೊಬ್ಬರು ಕೈಚೀಲ ತೋರಿಸಿ, "ಅಲ್ಲಾಹನಾಣೆ ಅಕ್ಕ, ಒರಿಜಿನಲ್" ಎಂದರು. ದೊಡ್ಡವ್ವ ಚೀಲ ಕೆಳಗಿಟ್ಟಳು.

"ಯಾಕಕ್ಕ? ಆಣೆ ಹಾಕಿ ಹೇಳ್ತಾ ಇದ್ದೇನಲ್ಲ!"

"ಅದಕ್ಕ ಬ್ಯಾಡ. ಖರೇ ಮಾತಿಗೆ ಆಣಿ ಯಾಕ ಬೇಕು? ಹೌದಂದ್ರ ಹೌದು, ಇಲ್ಲಂದ್ರ ಇಲ್ಲ."

ಸಾಹುಕಾರರು ತಲೆ ಕೆರೆದುಕೊಂಡರು. ಆಚೆ ಈಚೆ ನೋಡಿ, ದನಿ ತಗ್ಗಿಸಿ, "ಡೂಪ್ಲಿಕೇಟ್ ಅಕ್ಕ" ಎಂದರು.

"ಹಾಂ, ಕಟ್ಟಿ ಕೊಡ್ರಿ."

ಇನ್ನು ಕೌದಿ. ನಮ್ಮೂರ ಹೆಂಗಸರಿಗೆ ಅದೇ ಸೇವೆ. ನೆರೆ ಬಂದಲ್ಲಿಗೆ, ಬೆಂಕಿ ಬಿದ್ದಲ್ಲಿಗೆ, ಸಭೆಯ ಹೆಂಗಸರು ಕೂತು ಹಳೇ ಬಟ್ಟೆ ಜೋಡಿಸಿ ಕೌದಿ ಹೊಲಿದು ಕಳಿಸುತ್ತಿದ್ದರು. ಅದಕ್ಕೊಂದು ಪದ್ಧತಿಯೂ ಇತ್ತು. ಇಂಥವರಿಗೇ ಎಂದು ಹೊಲಿಯುವುದಾದರೆ ಅವರು ಉಟ್ಟು ಬಿಟ್ಟ ಬಟ್ಟೆಯ ತುಂಡೊಂದನ್ನು ನಟ್ಟನಡುವೆ ಇಡಬೇಕು. ಪರರ ಬಟ್ಟೆ ಮೈಗೆ ಹತ್ತುವುದಿಲ್ಲ, ತನ್ನದೊಂದು ಚೂರಾದರೂ ಇದ್ದರೆ ನಿದ್ದೆ ಹತ್ತುತ್ತದೆ ಎಂಬ ಲೆಕ್ಕ. ಆದರೆ ದುಬೈನ ಬೇಸಿಗೆಯಲ್ಲಿ ಕೌದಿ ಯಾರಿಗೆ ಕೊಡುವುದು? ಸಭೆಯ ಪ್ರತಿ ಮನೆಯಲ್ಲೂ ಕೌದಿ ತುಂಬಿ, ದೊಡ್ಡವ್ವ ಬಂದಳೆಂದರೆ ಜನ ಬಾಗಿಲು ತೆರೆಯುವ ಮೊದಲೇ "ಇದೆ ಅಕ್ಕಾ, ಇದೆ!" ಎಂದು ಒಳಗಿಂದ ಕೂಗತೊಡಗಿದ್ದರು.

ಆಗ ಅವಳಿಗೆ ಸಿಕ್ಕವರೇ ಸತ್ತವರು.

ನಮ್ಮ ಸಭೆ ಇಲ್ಲಿ ಕೈಗೆತ್ತಿಕೊಂಡ ಸೇವೆ ಅದು. ಕ್ಯಾಂಪುಗಳಲ್ಲಿ, ಕಟ್ಟಡಗಳಲ್ಲಿ ತೀರಿಕೊಂಡವರಿಗೆ ಇಲ್ಲಿ ತಮ್ಮವರು ಎನ್ನುವವರಿರುವುದಿಲ್ಲ. ಯಾವ ಜಾತಿ, ಯಾವ ಧರ್ಮ ಎಂದು ಕೇಳದೆ ಹಿರಿಯರು ಓಡಾಡಿ ಹೆಣ ಊರಿಗೆ ಕಳಿಸುವ ಕಾಗದಪತ್ರ ಮಾಡಿಸುತ್ತಿದ್ದರು. ಹೆಣ ಕೆಡದಂತೆ ಎಂಬಾಮಿಂಗ್ ಆದ ಮೇಲೆ ಪೆಟ್ಟಿಗೆ ಮುಚ್ಚುವ ಹೊತ್ತಿಗೆ ನಾವು ಕೆಲವರು ಹೋಗಿ ನಿಲ್ಲುತ್ತಿದ್ದೆವು. ಅಷ್ಟೇ, ಸುಮ್ಮನೆ ನಿಲ್ಲುವುದು.

ದೊಡ್ಡವ್ವ ಮೊದಲ ಸಲ ಬಂದ ದಿನ ಶವ ಮುಟ್ಟಿ ಅತ್ತಳು ಎಂದು ನನ್ನ ನೆನಪು. ದೊಡ್ಡವ್ವ ಹೇಳುವುದೇ ಬೇರೆ: ಅತ್ತವಳು ನಾನಂತೆ, ಅವಳು ಬರೀ ಕೈ ಹಿಂದಕ್ಕೆ ತೆಗೆದು "ಅಯ್ಯ, ಬರ್ಫ ಆಗ್ಯಾನಲ್ಲೇ!" ಎಂದಳಂತೆ. ನನ್ನ ನೆನಪನ್ನು ನಾನೇ ಅಷ್ಟು ನಂಬುವುದಿಲ್ಲ, ಹಾಗಾಗಿ ಎರಡನ್ನೂ ಬರೆದಿದ್ದೇನೆ. ಮುಂದಿನ ಸಲ ಅವಳ ಕಂಕುಳಲ್ಲಿ ಕೌದಿ ಇದ್ದದ್ದಂತೂ ಖಂಡಿತ. ಪೆಟ್ಟಿಗೆಯ ಕೆಲಸದ ಪಠಾಣ ಅದನ್ನು ಕೊಡವಿ ನೋಡಿ, ಅವಳ ಮುಖ ನೋಡಿ, "ಮಾಫಿ ಮುಶ್ಕಿಲ್, ಅಮ್ಮಾ", ಏನೂ ತೊಂದರೆಯಿಲ್ಲ, ಎಂದು ತಾನೇ ಹೊದಿಸಿದ. ಆಮೇಲೆ ಯಾರು ಸತ್ತ ಸುದ್ದಿ ಬಂದರೂ ಹಿರಿಯರು ಪಾಸ್‌ಪೋರ್ಟ್ ಹುಡುಕಿಸಿದರೆ ದೊಡ್ಡವ್ವ ರೂಮ್‌ಮೇಟುಗಳಿಗೆ ಫೋನ್ ಹಚ್ಚಿಸುತ್ತಿದ್ದಳು: "ತಮ್ಮಾ, ಅವನದೊಂದು ಹಳೇ ಅಂಗಿ ಐತೇನು?"

ಹೀಗೆ ಒಬ್ಬ ಹುಡುಗ ಹೋದ. ಉಡುಪಿ ಕಡೆಯವನು. ನಿದ್ದೆಯಲ್ಲೇ ಹೃದಯ ನಿಂತಿತ್ತು. ರೂಮ್‌ಮೇಟುಗಳು ಅವನ ಅಂಗಿ ತಂದುಕೊಟ್ಟರು. ತೋಳಿನ ಮೇಲೆ ಕೆಂಪು ದಾರದ ಕಸೂತಿಯ ಪಟ್ಟಿ, ಬಲು ಚಂದದ್ದು. ದೊಡ್ಡವ್ವನಿಗೆ ಇಂಗ್ಲಿಷ್ ಓದಲು ಬಾರದು. ಆ ಪಟ್ಟಿಯನ್ನೇ ಕತ್ತರಿಸಿ ನಟ್ಟನಡುವೆ, ಎದೆಯ ಮೇಲೆ ಬರುವಂತೆ ಕೂರಿಸಿದಳು. ನಾವೆಲ್ಲ ನೋಡಿದೆವು. ಇಂಗ್ಲಿಷ್ ಬರುವ ನಾವೆಲ್ಲ "ಚೆನ್ನಾಗಿ ಬಂದಿದೆ ದೊಡ್ಡವ್ವ" ಎಂದೆವು.

ಮುಂದಿನ ಭಾನುವಾರ ಆರಾಧನೆ ಮುಗಿಸಿ ಚಹಾ ಕುಡಿಯುತ್ತಿದ್ದಾಗ ಹಿರಿಯರಿಗೆ ಆ ಹುಡುಗನ ಅಣ್ಣನ ಫೋನ್ ಬಂತು. ಉಪಕಾರ ಹೇಳಲು ಮಾಡಿರಬೇಕೆಂದು ಹಿರಿಯರು ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದರು!

"ಎಂತ ಕೆಲಸ ಮಾಡಿದಿರಿ ಮಾರಾಯ್ರೆ ನೀವು? ಅವ ದುಬೈಯಲ್ಲಿ ಆಫೀಸ್ ಮ್ಯಾನೇಜರ್ ಅಂತ ನಾವು ಇಡೀ ಊರಿಗೆ ಹೇಳಿದ್ದು. ಅವನೇ ನಮಗೆ ಹಾಗೆ ಹೇಳಿದ್ದು. ಪೆಟ್ಟಿಗೆ ತೆಗೆದ್ರೆ ಎದೆ ಮೇಲೆ ಸೆಕ್ಯುರಿಟಿ ಅಂತ ಬರೆದು ಕಳಿಸಿದ್ದೀರಲ್ಲ! ಅಂಗಳ ತುಂಬ ಜನ ಇದ್ರು. ಎಲ್ಲರೂ ಓದಿದ್ರು."

ದೊಡ್ಡವ್ವ ಮುಂದೆ ಬಂದು ಫೋನಿಗೆ ಬಾಗಿ ಕೇಳಿದಳು, "ತಮ್ಮಾ, ನಿಮ್ಮವ್ವಗ ಓದಾಕ ಬರ್ತದೇನು?"

"ಇಲ್ಲ. ಅಮ್ಮನೇ ಕೇಳಿದ್ರು, ಅದೆಂತ ಬರೆದದ್ದು ಅಂತ. ಯಾರೋ ಓದಿ ಹೇಳಿದ್ರು."

"ನಾನಪ್ಪ ಹೊಲದಾಕಿ. ತಪ್ಪಾತು."

ಫೋನ್ ಕಟ್ಟಾಯಿತು.

ನಮ್ಮಲ್ಲಿ ಏನೇ ತೀರ್ಮಾನವಾದರೂ ಸಭೆಯಲ್ಲಿ ಕೂತು, ಎಲ್ಲರೂ ಒಪ್ಪಬೇಕು. ಒಬ್ಬರು ಒಪ್ಪದಿದ್ದರೂ ಆಗದು. ಅವತ್ತು ಚಹಾದ ಲೋಟ ಹಿಡಿದೇ ಕೂತೆವು. ಹೊಸ ಬಟ್ಟೆಯಲ್ಲಿ ಹೊಲಿಯೋಣ ಎಂದರು ಒಬ್ಬರು. ಅಕ್ಷರವಿಲ್ಲದ ತುಂಡು ನೋಡಿ ಹಾಕೋಣ ಎಂದೆ ನಾನು, ಎಂ.ಎ. ಓದಿದವಳು. ಹಿರಿಯರು ದೊಡ್ಡವ್ವನ ಕಡೆ ನೋಡಿದರು.

"ಬ್ಯಾಡ್ರಿ. ನಾ ಆಣಿ ಇಡವಲ್ಲೆ, ಸುಳ್ಳು ಹೇಳವಲ್ಲೆ ಅಂತ ಮೆರದೆ. ಆ ಕೂಸು ಅವ್ವನ ಸಮಾಧಾನಕ್ಕ ಒಂದು ಸುಳ್ಳು ಹೇಳಿತ್ತು. ಸತ್ತ ಮ್ಯಾಲೆ ಅದನ್ನ ನಾ ಬಿಚ್ಚಿ ತೋರಿಸಿದೆ. ಇನ್ನ ಯಾರಿಗೂ ಹೊದಸಂಗಿಲ್ಲ." ಎಲ್ಲರೂ ಒಪ್ಪಬೇಕಾಯಿತು.

ಆಮೇಲೂ ಪೆಟ್ಟಿಗೆ ಮುಚ್ಚುವಲ್ಲಿಗೆ ಬರುವುದನ್ನು ಅವಳು ಬಿಡಲಿಲ್ಲ. ಆದರೆ ಬರಿಗೈ. ಆ ಕೈಗಳಿಗೆ ಏನು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ. ಒಮ್ಮೆ ಪಠಾಣನ ಬಳಿ ಹೋಗಿ ತನ್ನ ಹರಕು ಹಿಂದಿಯಲ್ಲಿ, "ಭಾಯಿ, ಎಸಿ ಥೋಡಾ ಕಮ್ ಕರೋ" ಎಂದಳು.

"ಅಮ್ಮಾ, ಯೇ ಎಸಿ ನಹೀ ಹೈ" ಎಂದ ಅವನು, ತುಂಬ ಮೆತ್ತಗೆ.

ದೊಡ್ಡಪ್ಪ ಹೋದದ್ದು ಆ ವರ್ಷದ ಚಳಿಗಾಲ ಮುಗಿಯುವ ಹೊತ್ತಿಗೆ. ಮಧ್ಯಾಹ್ನ ಕಟಿಂಗ್ ಟೇಬಲ್ಲಿನ ಮೇಲೆ ಬಾಗಿದ್ದವರು ಹಾಗೆಯೇ ಒರಗಿದರು. ಬಟ್ಟೆ ನೋಡುತ್ತಿದ್ದಾರೆಂದು ಪಕ್ಕದವರು ಬಹಳ ಹೊತ್ತು ಮಾತಾಡಿಸಲಿಲ್ಲವಂತೆ.

ಹಿರಿಯರು ಮನೆಗೆ ಬಂದರು, ಹಿಂದೆಯೇ ಇಡೀ ಸಭೆ. "ಅಕ್ಕಾ, ನಾವೆಲ್ಲ ಕೂತು ಮಾತಾಡಿದೀವಿ. ಅಣ್ಣನ ಮಟ್ಟಿಗೆ ಹೊದಿಸ್ರಿ. ಯಾರದೂ ತಕರಾರಿಲ್ಲ."

ದೊಡ್ಡವ್ವ ಗೋಡೆಗೊರಗಿ ಕೂತಿದ್ದಳು. "ನನ್ನದು ಐತಲ್ರಿ" ಎಂದಳು.

"ನಿಮ್ಮ ಗಂಡ, ಅಕ್ಕಾ..."

"ಆ ಹುಡುಗ ಹೋದ ಮ್ಯಾಲೆ ಮತ್ತ ಎಷ್ಟು ಮಕ್ಕಳು ಹೋದ್ವು, ಬರೇ ಮೈಲೆ. ಅವ್ಯಾವೂ ನನ್ನ ಗಂಡ ಅಲ್ಲ ಅಂತ ಬಿಟ್ಟೆ. ಇವಂಗ ಮಾತ್ರ ಹೊದಿಸಿದ್ರ ಅವಕ್ಕ ಏನ್ ಹೇಳ್ಲಿ?"

ಹಿರಿಯರು ಮತ್ತೆ ಕೇಳಲಿಲ್ಲ. ಆ ಮನೆಯಲ್ಲಿ ಮಂಚದ ಕೆಳಗೆ, ಕಪಾಟಿನ ಮೇಲೆ, ಎಲ್ಲೆಲ್ಲೂ ಕೌದಿ. ದೊಡ್ಡಪ್ಪನ ಅಂಗಿಗಳು ಮೊಳೆಗೆ ತೂಗುತ್ತಿದ್ದವು. ಪೆಟ್ಟಿಗೆ ಮುಚ್ಚುವಾಗ ಪಠಾಣ ಅವಳ ಕಂಕುಳ ಕಡೆ ನೋಡಿದ, ನನ್ನ ಕಡೆ ನೋಡಿದ. ನಾನು ಇಲ್ಲವೆಂದು ತಲೆಯಾಡಿಸಿದೆ. ಅವನು ಮುಚ್ಚಿದ.

ಬೆಳಗಿನ ವಿಮಾನದಲ್ಲಿ ಹೈದರಾಬಾದಿಗೆ ಹೊರಟೆವು. ನಾವು ಮೇಲೆ, ದೊಡ್ಡಪ್ಪ ಕೆಳಗೆ ಸರಕಿನ ಜೊತೆ. ಹಾರಿದ ಸ್ವಲ್ಪ ಹೊತ್ತಿಗೇ ವಿಪರೀತ ಚಳಿ. ಮುಂದಿನ ಸಾಲಿನಲ್ಲಿ ಎಲ್ಲರೂ ಕುತ್ತಿಗೆವರೆಗೆ ಹೊದ್ದು ಮಲಗಿದರು. ಗಗನಸಖಿ ಹುಡುಗಿ ನಮಗೂ ಎರಡು ಕಂಬಳಿ ತಂದಳು. ದೊಡ್ಡವ್ವ ಬೇಡವೆಂದು ಕೈಯಾಡಿಸಿದಳು. ಅವಳ ತುಟಿ ನೀಲಿಗಟ್ಟಿತ್ತು, ಮೊಣಕಾಲು ನಡುಗುತ್ತಿದ್ದವು.

"ಹೊದ್ದುಕೋ ದೊಡ್ಡವ್ವ. ಥಂಡಿ ಆಗೋದಿಲ್ಲೇನು?"

"ಆಗ್ತದ" ಎಂದಳು. ಎರಡೂ ಪಾದಗಳನ್ನು ಚಪ್ಪಲಿಯಿಂದ ಬಿಡಿಸಿ ವಿಮಾನದ ಬರಿನೆಲಕ್ಕೆ ಒತ್ತಿ ಇಟ್ಟುಕೊಂಡಳು. "ಕೆಳಗ ಅವ ಒಬ್ಬನ ಆಗ್ಯಾನ. ಇಳಿಯೋತನಕ ನಾನೂ ಹಿಂಗ ಇರ್ತೀನಿ."

ನಾನು ನನ್ನ ಕಂಬಳಿಯನ್ನು ಮಡಿಕೆ ಬಿಚ್ಚದೆ ತೊಡೆಯ ಮೇಲಿಟ್ಟುಕೊಂಡು ಅವಳ ಪಕ್ಕದಲ್ಲಿ ಕೂತೆ.