ಕಿದ್ವಾಯಿ ನಗರದ ಗಟ್ಟಿ ಜೇನು

ದಿಲ್ಲಿಯ ಚಳಿಗೆ ಕೊಬ್ಬರಿ ಎಣ್ಣೆ ಕಲ್ಲಾದರೆ ಯಾರೂ ಯಾರನ್ನೂ ಬೈಯುವುದಿಲ್ಲ. ಬಾಟಲಿಯನ್ನು ಬಾಲ್ಕನಿಯ ಬಿಸಿಲಿಗಿಟ್ಟು ಸುಮ್ಮನಾಗುತ್ತಾರೆ. ಜೇನು ಗಟ್ಟಿಯಾದರೆ ಮಾತ್ರ ತಂದುಕೊಟ್ಟವನ ಕುತ್ತಿಗೆಗೇ ಬರುತ್ತಾರೆ. ಕೇಶವಮೂರ್ತಿಗಳು ಸಿಕ್ಕಿಬಿದ್ದದ್ದು ಹೀಗೆ.

ದೀಪಾವಳಿಗೆ ಊರಿಗೆ ಹೋದವರು, ಭಾವಮೈದ ಜೀವನ್ ಸಾಕಿದ ಹುಳುಗಳ ಜೇನನ್ನು ದೊಡ್ಡ ಡಬ್ಬಿಯಲ್ಲಿ ಹೊತ್ತು ತಂದು, ಕಿದ್ವಾಯಿ ನಗರದ ಕನ್ನಡದ ಮನೆಗಳಿಗೆಲ್ಲ ಒಂದೊಂದು ಬಾಟಲಿ ಹಂಚಿದ್ದರು. "ಅಪ್ಪಟ ಜೇನು, ನನ್ನ ಹೆಸರಿನ ಮೇಲೆ ತಗೊಳ್ಳಿ" ಎಂದು ಎದೆ ಬೇರೆ ತಟ್ಟಿಕೊಂಡಿದ್ದರು. ತಟ್ಟಿಕೊಳ್ಳದಿದ್ದರೂ ನಡೆಯುತ್ತಿತ್ತು.

ಆ ಬೆಳಿಗ್ಗೆ ಚಹಾ ಬಾಯಿಗಿಡುವ ಮೊದಲೇ ಎದುರುಮನೆಯ ಚಂದ್ರಪ್ರಭಾ ಬಂದು ಬಾಟಲಿಯನ್ನು ತಲೆಕೆಳಗಾಗಿ ಹಿಡಿದರು. ಒಳಗಿದ್ದದ್ದು ಸರ್ಕಾರಿ ಫೈಲಿನ ಹಾಗೆ ಕೂತಲ್ಲಿಂದ ಅಲ್ಲಾಡಲಿಲ್ಲ.

"ನೋಡಿ ಮೂರ್ತಿಗಳೇ, ನಿಮ್ಮ ಅಪ್ಪಟ! ಸಕ್ಕರೆ ಪಾಕ ಕಾಯಿಸಿ ತುಂಬಿದ್ದಾನೆ ನಿಮ್ಮ ಭಾವಮೈದ."

"ಚಳಿಗೆ ಹಾಗಾಗುತ್ತಮ್ಮ..."

"ನನಗೆ ಚಳಿ ಹೇಳಿಕೊಡಬೇಡಿ. ಮದುವೆಯಾಗಿ ಬಂದಾಗಿನಿಂದ ಇಲ್ಲೇ ರಜಾಯಿ ಹೊದೀತಿದೀನಿ. ನೀವು ಲ್ಯಾಬಲ್ಲೇ ಕೆಲಸ ಮಾಡೋದಲ್ವಾ? ಸಂಜೆ ನಿಮ್ಮನೇಲೇ ಭಜನೆ. ಅಷ್ಟರೊಳಗೆ ಮೊಹರು ಬಿದ್ದ ಕಾಗದ ತನ್ನಿ. ಇಲ್ದಿದ್ರೆ ಗ್ರೂಪಿಗೆ ಹಾಕ್ತೀನಿ, ಮೂರ್ತಿಗಳ ಜೇನು ಯಾರೂ ಮುಟ್ಟಬೇಡಿ ಅಂತ."

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಜಲಜಾಳ ಮುಖ ಸುಟ್ಟ ಬದನೆಕಾಯಿಯಂತಾಯಿತು. ಅಡಿಕೆಗೆ ಹೋದ ಮಾನವೇ ಆನೆ ಕೊಟ್ಟರೂ ಬರುವುದಿಲ್ಲವಂತೆ. ಜೇನಿಗೆ ಹೋದದ್ದು ಬಂದೀತೇ? ಮೂರ್ತಿಗಳು ಡಬ್ಬಿಯ ತಳದಲ್ಲಿ ಉಳಿದಿದ್ದನ್ನು ಸ್ಟೀಲ್ ಡಬ್ಬಿಗೆ ಕೆರೆದುಕೊಂಡು ಮೆಟ್ರೋ ಹತ್ತಿದರು.

ಫರೀದಾಬಾದಿನ ಆ ಸಂಶೋಧನಾ ಸಂಸ್ಥೆಯಲ್ಲಿ ಅವರು ಆಫೀಸ್ ಸೂಪರಿಂಟೆಂಡೆಂಟು. ಕೆಳಗಿನ ಮಹಡಿಯಲ್ಲಿ ಆಹಾರ ಸುರಕ್ಷತೆಯ ತಂಡ: ಬಜಾರಿನ ಪದಾರ್ಥಗಳಲ್ಲಿ ಬೆರಕೆ ಹುಡುಕುವವರು. ಮೇಲೆ ಪ್ರೋಟೀನನ್ನು ಹರಳುಗಟ್ಟಿಸಿ ಅದರ ಒಳಗಿನ ಆಕಾರ ನೋಡುವ ತಂಡ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಸಂಬಂಧ. ಇಬ್ಬರಿಗೂ ಇದ್ದದ್ದು ಒಂದೇ ಕೋಲ್ಡ್ ರೂಮು. ಯಾವುದೋ ಕಾಲದಲ್ಲಿ ಇವರ ಹಳಸಿದ ಪನೀರು ಅವರ ಹರಳಿನ ಪಕ್ಕ ಕೂತಿತ್ತಂತೆ. ಅಂದಿನಿಂದ ನೆಲದ ನಡುವೆ ಕೆಂಪು ಟೇಪು. ಗಡಿ ದಾಟಿದರೆ ಯುದ್ಧ.

ಕೆಳಗಿನ ತಂಡದ ವಿಜ್ಞಾನಿ ಅನೀಶ್ ದಿಲ್ಲಿಯಲ್ಲೇ ಹುಟ್ಟಿದ ಕನ್ನಡದ ಹುಡುಗ. ಡಬ್ಬಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ.

"ಅಂಕಲ್, ಲೈನಲ್ಲಿ ಬರಬೇಕು. ಮುಂದೆ ಹಲ್ದಿ ಇದೆ, ಪನೀರ್ ಇದೆ. ತೀನ್ ಹಫ್ತೆ ತೋ ಲಗೇಂಗೆ."

ಮೂರು ವಾರ! ಮೂರ್ತಿಗಳಿಗಿದ್ದದ್ದು ಸಂಜೆಯವರೆಗೆ. ಮೇಲಕ್ಕೆ ಓಡಿದರು.

ಮೇಲಿನ ಸಿಂಚನಾ ದಾವಣಗೆರೆಯವಳು. ಮೂರ್ತಿಗಳ ಕಥೆ ಕೇಳಿ, ಚೂರು ಜೇನನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಗ್ಗಿ ನೋಡಿದಳು. ತಲೆ ಎತ್ತಿದಾಗ ಕಣ್ಣಂಚು ಒದ್ದೆಯಾಗಿತ್ತು.

"ಎಂಥಾ ಹರಳು ಸಾರ್! ನಾನು ಎರಡು ವರ್ಷದಿಂದ ನನ್ನ ಪ್ರೋಟೀನಿಗೆ ಕೈಮುಗಿದು ಕೂತಿದೀನಿ, ಒಂದು ಹರಳು ಬಿಟ್ಟಿಲ್ಲ. ನಿಮ್ಮ ಭಾವಮೈದ ಏನ್ ಮಾಡಿದ್ರು?"

"ಏನೂ ಮಾಡಿಲ್ಲಮ್ಮ. ಅದಕ್ಕೇ ಈ ತಾಪತ್ರಯ."

"ಇದು ಗ್ಲೂಕೋಸ್ ಹರಳು. ಬರೆದುಕೊಡ್ಲಾ?"

"ಅಯ್ಯೋ, ಬೇಡ ತಾಯಿ! ಗ್ಲೂಕೋಸ್ ಅಂದ್ರೆ, ನೋಡಿ, ಸಕ್ಕರೆ ಅಂತ ತಾವೇ ಒಪ್ಪಿಕೊಂಡ್ರು ಅಂತಾರೆ ಚಂದ್ರಪ್ರಭಾ."

ಸಿಂಚನಾ ಒಂದು ಚಮಚ ಬೇಡಿ ಇಟ್ಟುಕೊಂಡಳು. "ನನ್ನ ಪ್ರೋಟೀನಿನ ಪಕ್ಕ ಇಡ್ತೀನಿ. ನೋಡಿಯಾದ್ರೂ ಕಲೀಲಿ."

ಮೆಟ್ಟಿಲಿಳಿಯುವಾಗ ಅನೀಶ್ ಎದುರಾದ. "ಮೇಲೆ ತೋರಿಸಿದ್ರಾ? ಕ್ಯಾ ಬೋಲಾ ಉನ್ಹೋನೆ?"

"ಬಹಳ ಚೆನ್ನಾಗಿದೆ ಅಂದ್ರು."

"ಜೇನು ಹೇಗಿದೆ ಅಂತ ಹೇಳೋಕೆ ಅವರು ಯಾರು? ಇಧರ್ ದೀಜಿಯೇ!" ಎಂದು ಡಬ್ಬಿ ಕಿತ್ತುಕೊಂಡ.

ಅರಿಸಿನ ಪಕ್ಕಕ್ಕೆ ಸರಿಯಿತು, ಪನೀರು ಹಿಂದಕ್ಕೆ ಹೋಯಿತು, ಜೇನು ಯಂತ್ರದೊಳಗೆ ಹೋಯಿತು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಅನೀಶ್ ನಗುತ್ತಾ ಬಂದ. "ಏಕ್‌ದಮ್ ಅಸಲಿ, ಅಂಕಲ್. ಬೆರಕೆ ಇಲ್ಲ. ಬರೆದುಕೊಡ್ತೀನಿ."

ಅಲ್ಲಿಗೆ ಸುಮ್ಮನಿದ್ದಿದ್ದರೆ ಮೂರ್ತಿಗಳು ಗೆದ್ದಿದ್ದರು. ಗೆಲುವು ಕಂಡ ಬಾಯಿ ಸುಮ್ಮನಿರುತ್ತದೆಯೇ?

"ಅಷ್ಟೇ ಸಾಲದು ಡಾಕ್ಟ್ರೇ. ಈ ಜೇನು ಈ ಚಳಿಗೆ ಗಟ್ಟಿಯಾಗಲೇಬೇಕು, ನೀರಿನ ಹಾಗೆ ಸುರಿದರೆ ಅದು ಈ ಜೇನೇ ಅಲ್ಲ ಅಂತಲೂ ಸೇರಿಸಿ."

"ಅಷ್ಟೆಲ್ಲ ಬೇಕಾ, ಅಂಕಲ್?"

"ಬೇಕು. ಒಂದು ಬಾಯಿ ಮುಚ್ಚಿಸೋದಿದೆ."

ಮೊಹರು ಬಿತ್ತು. ಜಲಜಾಳಿಗೆ ಫೋನ್ ಮಾಡಿದರು, ಎತ್ತಲಿಲ್ಲ. ಭಜನೆಯ ತಯಾರಿ ಇರಬೇಕು ಅಂದುಕೊಂಡು, ಕಾಗದವನ್ನು ಜೇಬಲ್ಲಿ ಹಸುಗೂಸಿನಂತೆ ಅವಚಿಕೊಂಡು ಮನೆಗೆ ಬಂದರು.

ಜಮಖಾನೆಯ ಮೇಲೆ ಹೆಂಗಸರೆಲ್ಲ ನೆರೆದಿದ್ದರು. ಎಲ್ಲರ ಮುಂದೂ ಒಂದೊಂದು ಜೇನಿನ ಬಾಟಲಿ. ಒಳಗಿನಿಂದ ಜಲಜಾ ಕಣ್ಣಲ್ಲೇ ಏನೋ ಸನ್ನೆ ಮಾಡಿದಳು. ಮೂರ್ತಿಗಳಿಗೆ ಅದನ್ನು ನೋಡುವ ವ್ಯವಧಾನವಿಲ್ಲ.

"ಬನ್ನಿ ಮೂರ್ತಿಗಳೇ, ಇನ್ನು ಕಾಗದವೇ ಬೇಕಿರಲಿಲ್ಲ..." ಎಂದು ಚಂದ್ರಪ್ರಭಾ ನಗುತ್ತಲೇ ಶುರುಮಾಡಿದರು.

"ಬೇಕು! ತಗೊಳ್ಳಿ. ಎಲ್ಲರಿಗೂ ಕೇಳೋ ಹಾಗೆ ಓದಿ."

ಆಕೆ ಕನ್ನಡಕ ಏರಿಸಿ, ಕನ್ನಡದಲ್ಲಿ ಬಿಡಿಸಿ ಹೇಳುತ್ತಾ ಓದಿದರು. ಅಪ್ಪಟ ಅನ್ನುವ ಕಡೆ ತಲೆಗಳು ತೂಗಿದವು. ಕೊನೆಯ ಸಾಲಿಗೆ ಬಂದಾಗ ದನಿ ನಿಧಾನವಾಯಿತು. ಆಕೆ ತಮ್ಮ ಬಾಟಲಿಯನ್ನು ಎತ್ತಿ ತಟ್ಟೆಗೆ ಬಗ್ಗಿಸಿದರು. ಜೇನು ನಲ್ಲಿ ನೀರಿಗಿಂತ ಸರಾಗವಾಗಿ ಸುರಿಯಿತು.

"ಅಚ್ಛಾ!" ಎಂದರು ಚಂದ್ರಪ್ರಭಾ. "ಬೆಳಿಗ್ಗೆ ಲ್ಯಾಬಿಗೆ ಕಳಿಸ್ತೀವಿ ಅಂತ ನಿಮ್ಮ ಜಲಜಾ ಎಲ್ಲರ ಬಾಟಲಿ ಇಸ್ಕೊಂಡು ಹೋದ್ರು. ಈಗ ಇದನ್ನ ತುಂಬಿ ಕೊಟ್ಟಿದೀರಿ. ನಮ್ಮ ಅಪ್ಪಟ ಜೇನು ಎಲ್ಲಿ, ಮೂರ್ತಿಗಳೇ?"

ಮೂರ್ತಿಗಳು ಅಡುಗೆಮನೆಗೆ ನುಗ್ಗಿದರು.

"ನಿಮ್ಮ ಮಾನ ಉಳಿಸೋಣ ಅಂತ ರೀ," ಎಂದಳು ಜಲಜಾ, ಸೆರಗಿನ ತುದಿ ಹಿಡಿದು. "ಎಲ್ಲಾನೂ ಕರೋಲ್ ಬಾಗ್ ಅಂಗಡಿ ಭಯ್ಯಾನ ಹತ್ರ ಬದಲಾಯಿಸ್ಕೊಂಡು ಬಂದೆ. ಅವರೆಲ್ಲ ಎಷ್ಟು ಖುಷಿಯಾಗಿದ್ರು ಗೊತ್ತಾ, ನೀವು ಬರೋವರೆಗೂ."

"ಸುಮ್ಮನೆ ಬದಲಾಯಿಸಿಕೊಟ್ಟನಾ?"

"ಬಹಳ ಒಳ್ಳೆಯವನು. ನಮ್ಮ ಜೇನನ್ನ ಬೆರಳಲ್ಲಿ ನೆಕ್ಕಿ ನೋಡಿ, ಚಹಾ ಬೇರೆ ತರಿಸಿಕೊಟ್ಟ. 'ಇಂಥಾ ಕೆಟ್ಟ ಜೇನು ಇನ್ನೂ ಇದ್ರೆ ತನ್ನಿ ಬೆಹನ್‌ಜೀ, ಎಷ್ಟಿದ್ರೂ ಬದಲಾಯಿಸಿಕೊಡ್ತೀನಿ' ಅಂದ."

ಅಷ್ಟರಲ್ಲಿ ಹೊರಗೆ ಜಮಖಾನೆಯ ಮೇಲಿದ್ದ ಫೋನುಗಳೆಲ್ಲ ಒಟ್ಟಿಗೇ ಟಿಣ್ ಎಂದವು. ಮೂರ್ತಿಗಳ ಜೇಬಿನಲ್ಲಿದ್ದದ್ದೂ ಟಿಣ್ ಎಂದಿತು. ಚಂದ್ರಪ್ರಭಾ ಗ್ರೂಪಿಗೆ ಹಾಕಿಯೇ ಬಿಟ್ಟಿದ್ದರು. ತಮ್ಮ ಕಡೆಯಿಂದ ಒಂದಕ್ಷರವನ್ನೂ ಸೇರಿಸದೆ, ಬರೀ ಆ ಕಾಗದದ ಫೋಟೋ, ಮೊಹರು ಸಮೇತ.