ವಜ್ರಕಾಯ ಪಿಸ್ತೂಲಿನ ಬೆಲೆ ನಿರ್ಣಯ

ಮುಳಬಾಗಿಲು ತಾಲ್ಲೂಕಿನ ಎರ್ರಗುಂಟಪಲ್ಲಿ ಟೊಮೆಟೊ ಬೆಳೆಗಾರರ ಸಹಕಾರ ಸಂಘಕ್ಕೆ ಇನ್ನೂರ ಹನ್ನೊಂದು ಜನ ಸದಸ್ಯರು, ಒಂದು ಗೋದಾಮು ಮತ್ತು ಒಬ್ಬ ಕಾವಲುಗಾರ ಇದ್ದಾರೆ. ಟೊಮೆಟೊ ಬೆಲೆ ಏರಿದ ವರ್ಷ ಗೋದಾಮಿನ ಅಂಗಳದಿಂದ ಕ್ರೇಟುಗಳು ಕಾಣೆಯಾಗತೊಡಗಿದವು. ಬೆಲೆ ಇಳಿದಿದ್ದಾಗ ಅವನ್ನು ರಸ್ತೆಗೆ ಸುರಿದರೂ ಯಾರೂ ಮುಟ್ಟುತ್ತಿರಲಿಲ್ಲವಾದ್ದರಿಂದ, ಇದು ಸಂಘದ ಪ್ರಗತಿಯ ಲಕ್ಷಣವೆಂದು ಅಧ್ಯಕ್ಷ ಮುನಿಶಾಮಿಯವರು ಮೊದಲ ಸಭೆಯಲ್ಲಿ ದಾಖಲಿಸಿದರು.

ಕಾವಲುಗಾರ ಅಶ್ವತ್ಥಪ್ಪ ಹದಿನೇಳು ವರ್ಷ ಸೇನೆಯಲ್ಲಿದ್ದು ಊರಿಗೆ ಬಂದವರು. ಅವರು ಒಂದು ಅರ್ಜಿ ಬರೆದರು. ಅಂಗಳದ ಪೂರ್ವ ದಿಕ್ಕಿಗೆ ಬೇಲಿಯಿಲ್ಲ, ಕಳ್ಳರು ಆ ಕಡೆಯಿಂದ ಗೂಡ್ಸ್ ಆಟೋ ತರುತ್ತಾರೆ, ತಾನು ಪಶ್ಚಿಮದ ಗೇಟಿನಲ್ಲಿ ಕೂತಿರುತ್ತೇನೆ, ಆದಕಾರಣ ತಂತಿ ಬೇಲಿ ಹಾಕಿಸಬೇಕು ಎಂದು ಅದರಲ್ಲಿತ್ತು.

ಆಡಳಿತ ಮಂಡಳಿ ಅರ್ಜಿಯನ್ನು ಸಹಾನುಭೂತಿಯಿಂದ ಪರಿಶೀಲಿಸಿತು. ಆದರೆ ಉಪವಿಧಿ ಹದಿನಾಲ್ಕರ ಪ್ರಕಾರ ಭದ್ರತಾ ನಿಧಿಯನ್ನು ಚರ ಆಸ್ತಿಗೆ ಮಾತ್ರ ಬಳಸಬಹುದು. ಬೇಲಿ ನೆಟ್ಟ ಮೇಲೆ ಚಲಿಸುವುದಿಲ್ಲ. ಪಿಸ್ತೂಲು ಚಲಿಸುತ್ತದೆ. ಅಶ್ವತ್ಥಪ್ಪನವರ ಹೆಸರಿನಲ್ಲಿ ಹೇಗೂ ಹಳೆಯ ಪರವಾನಗಿ ಇತ್ತು. ಆಯುಧ ಕೊಳ್ಳುವಷ್ಟು ದುಡ್ಡು ಅವರ ಬಳಿ ಎಂದೂ ಇರಲಿಲ್ಲ. ಆದ್ದರಿಂದ ಅವರ ಬೇಲಿಯ ಅರ್ಜಿಯನ್ನು ಪಿಸ್ತೂಲಿನ ಬೇಡಿಕೆಯೆಂದು ಪರಿಗಣಿಸಿ ಅಂಗೀಕರಿಸಲಾಯಿತು.

ಮರುವಾರ ಕೋಲಾರದಿಂದ ಶಿವಶಂಕರ್ ಎಂಬ ಆಯುಧ ವ್ಯಾಪಾರಿ ಬಂದರು. ಅವರು ತೋರಿಸಿದ್ದು ‘ವಜ್ರಕಾಯ’ ಎಂಬ ಪಿಸ್ತೂಲು. ಆ ಹೆಸರನ್ನು ಅಶ್ವತ್ಥಪ್ಪ ಸೇನೆಯಲ್ಲಾಗಲಿ ಹೊರಗಾಗಲಿ ಕೇಳಿರಲಿಲ್ಲ. ಈಗಿನ ಪಿಸ್ತೂಲುಗಳಿಗೆ ಪ್ಲಾಸ್ಟಿಕ್ ಚೌಕಟ್ಟು ಇರುತ್ತದೆ, ಇದರದು ಪೂರ್ತಿ ಲೋಹ, ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ ಎಂದು ವ್ಯಾಪಾರಿ ವಿವರಿಸಿದರು. ಬೆಲೆ ಒಂದು ಲಕ್ಷ ಮೂವತ್ತೆಂಟು ಸಾವಿರ. ಎಲ್ಲರಿಗೂ ಗೊತ್ತಿರುವ ಕಂಪನಿಯ ಪಿಸ್ತೂಲು ಇದಕ್ಕಿಂತ ಮೂವತ್ತು ಸಾವಿರ ಕಡಿಮೆಗೆ ಸಿಗುತ್ತದೆಂಬುದನ್ನು ಅವರು ಮುಚ್ಚಿಡಲಿಲ್ಲ.

ಹೆಸರೇ ಇಲ್ಲದ ಕಂಪನಿ ಇಷ್ಟು ಬೆಲೆ ಕೇಳುವ ಧೈರ್ಯ ಮಾಡಿದೆಯೆಂದರೆ ಕಾರಣವಿರಲೇಬೇಕೆಂದು ಮಂಡಳಿಗೆ ಅನ್ನಿಸಿತು. ಆ ಕಾರಣ ಹುಡುಕಲು ‘ಬೆಲೆ ಯೋಗ್ಯತಾ ನಿರ್ಣಯ ಉಪಸಮಿತಿ’ ರಚನೆಯಾಯಿತು. ಅಧ್ಯಕ್ಷರಾಗಿ ಮುನಿಶಾಮಿ, ಕಾರ್ಯದರ್ಶಿಯಾಗಿ ಸಂಘದ ಗುಮಾಸ್ತೆ ಸುನಂದ, ಲೋಹ ತಜ್ಞರಾಗಿ ಮುಳಬಾಗಿಲಿನಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಕದಿರೇಶ್. ಪ್ರತಿ ಸಭೆಗೂ ಭತ್ಯೆ ನಿಗದಿಯಾದ್ದರಿಂದ ವಿಷಯದ ಆಳ ಅರಿಯಲು ಹನ್ನೊಂದು ಸಭೆಗಳು ಬೇಕಾದವು.

ಕದಿರೇಶ್ ಮೊದಲಿಗೆ ಪಿಸ್ತೂಲನ್ನು ತೂಗಿದರು. ಎಂಟುನೂರ ಇಪ್ಪತ್ತು ಗ್ರಾಂ. ಗ್ರಾಮಿಗೆ ನೂರ ಅರವತ್ತೆಂಟು ರೂಪಾಯಿ ಬಿತ್ತು. ಹಿತ್ತಾಳೆಗಿಂತ ಬಹಳ ಮೇಲೆ, ಚಿನ್ನಕ್ಕಿಂತ ಬಹಳ ಕೆಳಗೆ, ಆದ್ದರಿಂದ ಬೆಲೆ ಮಧ್ಯಮ ವರ್ಗಕ್ಕೆ ಸೇರಿದ್ದು ಎಂದು ವರದಿ ಕೊಟ್ಟರು. ಆಮೇಲೆ ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳಿ, ನಾದ ಚೆನ್ನಾಗಿದೆ, ಸೀಳು ಬಿಟ್ಟಿಲ್ಲ ಎಂದರು.

ಬಳಸುವವರ ಅಭಿಪ್ರಾಯ ಕೇಳಬೇಕೆಂಬ ನಿಯಮವೂ ಇತ್ತು. ಅಶ್ವತ್ಥಪ್ಪ ಪಿಸ್ತೂಲನ್ನು ಬಿಚ್ಚಿ, ಒರೆಸಿ, ಜೋಡಿಸಿ, ನಾಲ್ಕು ಸಲ ಕುದುರೆಯನ್ನು, ಅಂದರೆ ಟ್ರಿಗರನ್ನು, ಎಳೆದು ನೋಡಿದರು. ಲೋಹದ ಭಾರ ಇರುವುದರಿಂದ ಹಿಡಿತ ಸಿಗುತ್ತದೆ, ಕೈ ಅಲುಗುವುದು ಕಡಿಮೆ ಎಂದು ಒಪ್ಪಿಕೊಂಡರು. ಆದರೆ ಕುದುರೆ ವಿಪರೀತ ಬಿಗಿ, ಒಳಗಿನ ಸ್ಪ್ರಿಂಗು ಸಡಿಲ, ಗುಂಡು ಮೇಲೆ ಬರುವಾಗ ಸಿಕ್ಕಿಕೊಳ್ಳುತ್ತದೆ, ಕೆಟ್ಟರೆ ಬಿಡಿಭಾಗ ಸಿಗುವ ಜಾಗವೇ ಇಲ್ಲ ಎಂದರು. ನಾಲ್ಕನೇ ದರ್ಜೆ ನೌಕರರ ಅಭಿಪ್ರಾಯಕ್ಕೆ ನಮೂನೆಯಲ್ಲಿ ಒಂದೇ ಸಾಲು ಇದ್ದುದರಿಂದ ಸುನಂದ ಅವರು “ಹಿಡಿತ ಸಿಗುತ್ತದೆ” ಎಂಬಲ್ಲಿಗೆ ಬರೆದು ನಿಲ್ಲಿಸಬೇಕಾಯಿತು.

ಒಂಬತ್ತನೇ ಸಭೆ ಕೋಲಾರದ ಹೊರಗಿನ ಒಂದು ಖಾಸಗಿ ಗುರಿ ಅಭ್ಯಾಸದ ಮೈದಾನದಲ್ಲಿ ನಡೆಯಿತು. ಬಿರಿಯಾನಿಯ ನಂತರ ಅಶ್ವತ್ಥಪ್ಪ ಮೂರು ಗುಂಡು ಹಾರಿಸಲು ಯತ್ನಿಸಿದರು. ಮೊದಲನೆಯದು ಹಾರಿತು. ಎರಡನೆಯದು ಸಿಕ್ಕಿಕೊಂಡಿತು. ಬಿಡಿಸಿ ಮತ್ತೆ ಒತ್ತಿದರೆ ಮೂರನೆಯದೂ ಸಿಕ್ಕಿಕೊಂಡಿತು. ಮೂರಕ್ಕೆ ಒಂದೆಂದರೆ ಶೇಕಡ ಮೂವತ್ತಮೂರು ಚಿಲ್ಲರೆ. ಸಂಘದ ಉಪವಿಧಿಯಲ್ಲಿ ಯಂತ್ರೋಪಕರಣಗಳ ತೇರ್ಗಡೆಗೆ ಮೂವತ್ತೈದು ಬೇಕು. ಗ್ರಾಮೀಣ ಭಾಗದಲ್ಲಿ ಸೇವೆ ಸಲ್ಲಿಸಲಿರುವುದರಿಂದ ಪಿಸ್ತೂಲಿಗೆ ಎರಡು ಕೃಪಾಂಕ ನೀಡಿ ಪಾಸು ಮಾಡಲಾಯಿತು.

ಆ ಮಧ್ಯಾಹ್ನ ಕಾವಲುಗಾರ ಕೋಲಾರದಲ್ಲಿದ್ದುದರಿಂದ ಕಳ್ಳರು ಪೂರ್ವದ ಕಡೆಯಿಂದ ಸುತ್ತಿ ಬರುವ ತೊಂದರೆ ತೆಗೆದುಕೊಳ್ಳದೆ ಗೇಟಿನ ಮೂಲಕವೇ ಬಂದು ಅಂಜಮ್ಮ ಎಂಬ ಸದಸ್ಯೆಯ ಅರವತ್ತು ಕ್ರೇಟು ಟೊಮೆಟೊ ಒಯ್ದರು. ಒಂದೂವರೆ ಎಕರೆಯಲ್ಲಿ ಒಬ್ಬರೇ ದುಡಿದು ತೆಗೆದ ಬೆಳೆ ಅದು. ಮಾರನೇ ದಿನ ಅವರು ಕಚೇರಿಗೆ ಬಂದು ಅಧ್ಯಕ್ಷರ ಮುಂದೆ ನಿಂತರು.

“ಮುನಿಶಾಮಣ್ಣ, ಆ ಪಿಸ್ತೂಲಿನ ದುಡ್ಡಲ್ಲಿ ಸುತ್ತ ಬೇಲಿ ಹಾಕಿ, ಇನ್ನೊಬ್ಬ ಮನುಷ್ಯನ್ನ ಇಡಬೋದಿತ್ತಲ್ಲ?”

“ನೋಡಮ್ಮ, ಪಿಸ್ತೂಲು ಬಂದ ಮೇಲೆ ಕಳ್ಳತನ ಆಗಿದ್ರೆ ನಮ್ಮ ತಪ್ಪು. ಇದು ಮುಂಚೇನೇ ಆಗೋಯ್ತು. ಪಿಸ್ತೂಲು ಎಷ್ಟು ಅರ್ಜೆಂಟಾಗಿ ಬೇಕು ಅನ್ನೋದಕ್ಕೆ ನೀನೇ ಸಾಕ್ಷಿ.”

ಅಂಜಮ್ಮನ ನಷ್ಟವನ್ನು ಪಿಸ್ತೂಲಿನ ಅಗತ್ಯಕ್ಕೆ ಪುರಾವೆಯಾಗಿ ಕಡತಕ್ಕೆ ಸೇರಿಸಲಾಯಿತು. ಅವರಿಗೆ ಅದರ ನಕಲು ಪ್ರತಿಯನ್ನು ಉಚಿತವಾಗಿ ಕೊಟ್ಟರು.

ಇದೇ ವಾರ ಶಿವಶಂಕರ್ ಅವರು ಅಧ್ಯಕ್ಷರ ಮಗಳ ಮದುವೆಗೆ ಒಂದು ಫ್ರಿಜ್ಜು ಕಳಿಸಿದರು. ಎರಡಕ್ಕೂ ಸಂಬಂಧವಿಲ್ಲ. ಫ್ರಿಜ್ಜು ಹೆಸರಾಂತ ಕಂಪನಿಯದು.

ಉಳಿದಿದ್ದು ಒಂದು ಪ್ರಮಾಣಪತ್ರ. “ಪಿಸ್ತೂಲು ಸುಸ್ಥಿತಿಯಲ್ಲಿದೆ, ಬೆಲೆಗೆ ಯೋಗ್ಯವಾಗಿದೆ” ಎಂದು ಅಶ್ವತ್ಥಪ್ಪ ಬರೆದು ಸಹಿ ಮಾಡಬೇಕಿತ್ತು. ಅವರು ಆಗುವುದಿಲ್ಲ ಎಂದರು. ಕೆಟ್ಟ ಆಯುಧಕ್ಕೆ ಒಳ್ಳೆಯದೆಂದು ಸಹಿ ಹಾಕಿದವನಿಂದ ಇನ್ನೊಬ್ಬನ ಜೀವ ಹೋಗುತ್ತದೆಂದು ಸೇನೆಯಲ್ಲಿ ಕಲಿಸಿದ್ದರು. ಅಧ್ಯಕ್ಷರು ಬೇಸರ ಮಾಡಿಕೊಳ್ಳಲಿಲ್ಲ. ಅಶ್ವತ್ಥಪ್ಪನವರ ಮಗಳ ನರ್ಸಿಂಗ್ ಓದು ಇನ್ನೂ ಎಷ್ಟು ವರ್ಷ ಇದೆಯೆಂದು ವಿಚಾರಿಸಿದರು. ಎರಡು ವರ್ಷ ಎಂದು ಅಶ್ವತ್ಥಪ್ಪ ಹೇಳಿದರು. ಕಾವಲುಗಾರನ ಕೆಲಸಕ್ಕೆ ವೇಮಗಲ್ ಕಡೆಯಿಂದ ಮೂರು ಅರ್ಜಿ ಬಂದಿವೆ ಎಂದು ಅಧ್ಯಕ್ಷರು ಹೇಳಿದರು.

ಅಶ್ವತ್ಥಪ್ಪ ಪೆನ್ನು ತೆಗೆದುಕೊಂಡರು. ಕಾಗದದ ಮೇಲೆ “ನೋಡಿದ್ದೇನೆ” ಎಂದಷ್ಟೇ ಬರೆದು ಸಹಿ ಹಾಕಿ, ಯಾರ ಮುಖವನ್ನೂ ನೋಡದೆ ಎದ್ದುಹೋದರು. ನೋಡಿದ ಮೇಲೂ ಸಹಿ ಹಾಕಿರುವುದರಿಂದ ಅದು ಪೂರ್ಣ ಒಪ್ಪಿಗೆಯೆಂದು ಉಪಸಮಿತಿ ವ್ಯಾಖ್ಯಾನಿಸಿತು. ಪಿಸ್ತೂಲು ಖರೀದಿಯಾಯಿತು.

ಬಂದ ಮೇಲೆ ಇನ್ನೊಂದು ವಿಷಯ ಗಮನಕ್ಕೆ ಬಂತು. ಸಂಘದ ಅಂಗಳದಲ್ಲಿ ಅಷ್ಟು ಬೆಲೆಯ ವಸ್ತು ಹಿಂದೆಂದೂ ಇರಲಿಲ್ಲ. ಕ್ರೇಟುಗಳನ್ನೇ ಬಿಡದ ಕಳ್ಳರು ಇದನ್ನು ಬಿಟ್ಟಾರೆಯೇ? ಅಶ್ವತ್ಥಪ್ಪ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಗೇಟಿನಲ್ಲಿ ಕೂತರೆ ಯಾರಾದರೂ ಕಿತ್ತುಕೊಳ್ಳಬಹುದು, ತಡೆಯೋಣವೆಂದರೆ ಅದು ಹಾರುವ ಭರವಸೆಯಿಲ್ಲ. ಹಾಗಾಗಿ ಗೋದಾಮಿನ ಒಳಗೆ ಒಂದು ಭದ್ರ ಕೊಠಡಿ ಕಟ್ಟಿ, ಕದಿರೇಶ್ ಅಂಗಡಿಯಿಂದ ಉಕ್ಕಿನ ಬೀರು ತರಿಸಿ, ಪಿಸ್ತೂಲನ್ನು ಅದರಲ್ಲಿಟ್ಟರು. ಕೊಠಡಿ ಚಲಿಸುವುದಿಲ್ಲವೆಂದು ಸುನಂದ ಜ್ಞಾಪಿಸಿದಾಗ, ಅದರ ಬಾಗಿಲು ಚಲಿಸುತ್ತದೆಂದು ಅಧ್ಯಕ್ಷರು ತೀರ್ಪಿತ್ತರು. ಅಶ್ವತ್ಥಪ್ಪನವರನ್ನು ಗೇಟಿನಿಂದ ಕೊಠಡಿಯ ಬಾಗಿಲಿಗೆ ವರ್ಗಾಯಿಸಲಾಯಿತು. ಅಂಗಳ ಖಾಲಿ ಬಿದ್ದಿದ್ದರಿಂದ ಇನ್ನೂ ನಾಲ್ವರ ಕ್ರೇಟುಗಳು ಹೋದವು.

ವಾರ್ಷಿಕ ಮಹಾಸಭೆಯಲ್ಲಿ ಉಪಸಮಿತಿ ತನ್ನ ಅಂತಿಮ ವರದಿ ಓದಿತು. ಒಂದು ವಸ್ತುವಿನ ಬೆಲೆ ತಿಳಿಯುವುದು ಅದನ್ನು ಎಷ್ಟು ಜಾಗ್ರತೆಯಿಂದ ಕಾಯುತ್ತಾರೆ ಎಂಬುದರಿಂದ. ವಜ್ರಕಾಯಕ್ಕೆ ಪ್ರತ್ಯೇಕ ಕೊಠಡಿ, ಬೀರು, ಮಾಜಿ ಸೈನಿಕ ಮೂರೂ ಇರುವುದರಿಂದ ಅದು ಕೊಟ್ಟ ಬೆಲೆಗಿಂತಲೂ ಹೆಚ್ಚು ಬಾಳುತ್ತದೆ. ಈ ಸಾಲಿನಲ್ಲಿ ಸಂಘದ ಒಂದು ಪಿಸ್ತೂಲೂ ಕಳುವಾಗಿಲ್ಲ. ಸದಸ್ಯರು ಚಪ್ಪಾಳೆ ತಟ್ಟಿದರು. ಒಬ್ಬ ಕಾವಲುಗಾರ ಸಾಲದೆಂದು ಸದಸ್ಯರೇ ಪಾಳಿಯ ಪ್ರಕಾರ ಹಗಲು ಕಾವಲಿಗೆ ಬರಬೇಕೆಂಬ ನಿರ್ಣಯವೂ ಪಾಸಾಯಿತು. ಮಾಲೂರು ಕಡೆಯ ಒಂದು ಸಂಘದವರು ಬಂದು ನೋಡಿ, ತಮಗೂ ಎರಡು ಬೇಕೆಂದು ಬರೆಸಿ ಹೋದರು.

ಅಂಜಮ್ಮನ ಪಾಳಿ ಮಂಗಳವಾರ. ಕೊಠಡಿಯ ಮುಂದೆ ಕುರ್ಚಿ ಹಾಕಿಕೊಂಡು, ಮನೆಯಿಂದ ತಂದ ಮಚ್ಚನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ. ಮೊದಲ ದಿನ ಅವರು ಅಶ್ವತ್ಥಪ್ಪನವರನ್ನು ಮೆಲ್ಲಗೆ ಕೇಳಿದರು.

“ಯಾರಾದ್ರೂ ನುಗ್ಗಿದ್ರೆ ಆ ಪಿಸ್ತೂಲು ಹಾರ್ತದಾ ಅಣ್ಣ?”

“ಅದ್ಯಾಕಕ್ಕ ಹಾರಬೇಕು?” ಎಂದರು ಅಶ್ವತ್ಥಪ್ಪ. “ಅದನ್ನ ಕಾಯೋಕೆ ನೀವಿದ್ದೀರಲ್ಲ.”

ಅದು ಸರಿಯೆನ್ನಿಸಿ ಅಂಜಮ್ಮ ಕುರ್ಚಿಯನ್ನು ನೆರಳಿಗೆ ಎಳೆದುಕೊಂಡರು.